ಇಪ್ಪತ್ತಾರು ಇಂಚಿನ ಮುಂದಿನ ಚಕ್ರ

ಕೊಳ್ಳೇಗಾಲದಲ್ಲಿ ಬುಲೆಟ್ ಕೆಟ್ಟರೆ ಜನ ಕೆಂಪನಂಜಪ್ಪನ ಶೆಡ್ಡಿಗೇ ತಳ್ಳಿಕೊಂಡು ಬರುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವನು ರಿಪೇರಿ ಮಾಡಿ ಕಳಿಸಿದ ಗಾಡಿ ತಿರುಗಿ ಬಂದದ್ದು ಕಡಿಮೆ. ಆ ಹೆಸರೇ ಅವನಿಗೆ ಮುಳುವಾಯಿತು.

ಕಳೆದ ವರ್ಷ, ರೇಷ್ಮೆ ಸೀರೆ ನೇಯುವ ದೇವರಾಜ್ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಅಮೆರಿಕದ ಯಾವುದೋ ಬೈಕು. ಮುಂದಿನ ಚಕ್ರ ಸೊಂಟದ ಮಟ್ಟ, ಹಿಂದಿನ ಭಾಗ ನೆಲಕ್ಕೆ ಅಂಟಿಕೊಂಡಂತೆ.

"ನನ್ ಬುಲೆಟ್‌ಗೂ ಇಂಗೇ ಆಕ್ಕೊಡಣ್ಣ. ಇಪ್ಪತ್ತಾರು ಇಂಚು."

"ಚಕ್ರ ಒಂದ್ ಬದಲಾಯ್ಸುದ್ರೆ ಆಗಲ್ಲ ಕಣ್ಲಾ. ಹ್ಯಾಂಡಲ್ ನಿಂತಿರೋ ಕತ್ತನ್ನೇ ಕುಯ್ದು, ಓರೆ ಮಾಡಿ ವೆಲ್ಡಿಂಗ್ ಮಾಡ್ಬೇಕು. ಬ್ಯಾಡ ಬುಡು."

"ನಿನ್ ಕೈಲಾಗಲ್ಲ ಅನ್ನು. ಮೈಸೂರಿಗೆ ಓಯ್ತೀನಿ."

ಆ ಮಾತು ಕೆಂಪನಂಜಪ್ಪನಿಗೆ ನಾಟಿತು. ತಿಂಗಳು ಕೂತು ಮಾಡಿದ. ಧನಗೆರೆ ರಸ್ತೆಯಲ್ಲಿ ತಾನೇ ಓಡಿಸಿ ನೋಡಿದ. ನೇರ ರಸ್ತೆಯಲ್ಲಿ ಚೆನ್ನಾಗಿಯೇ ಹೋಯಿತು. ತಿರುವಿನಲ್ಲಿ ನಿಧಾನ ಮಾಡಿದೊಡನೆ ಹ್ಯಾಂಡಲ್ ತಾನಾಗಿ ಒಳಕ್ಕೆ ವಾಲಿತು. ಓರೆಯ ಅಳತೆ ತಪ್ಪಿತ್ತು, ಮತ್ತೆ ಕುಯ್ಯಬೇಕಿತ್ತು. ಆದರೆ ವಾಪಸು ಬರುವಷ್ಟರಲ್ಲಿ ಶೆಡ್ಡಿನ ಮುಂದೆ ಜನ ಸೇರಿ ಫೋಟೊ ತೆಗೆಯತೊಡಗಿದ್ದರು. "ಅಭ್ಯಾಸ ಆಗೋಗಂಟ ಸ್ವಲ್ಪ ನಿಧಾನ" ಎಂದಷ್ಟೇ ಹೇಳಿ ಕೀ ಕೊಟ್ಟುಬಿಟ್ಟ.

ಹದಿನೈದು ದಿನಕ್ಕೆ, ಹನೂರು ದಾಟಿ ಕೌದಳ್ಳಿ ಹತ್ತಿರದ ತಿರುವಿನಲ್ಲಿ ಗಾಡಿ ಬಿತ್ತು. ದೇವರಾಜನಿಗೆ ತರಚುಗಾಯ. ಹಿಂದೆ ಕೂತಿದ್ದ ಹೆಂಡತಿ ಅಂಜನಾಳ ಬಲಗಾಲು ಗಾಡಿಯಡಿ ಸಿಕ್ಕಿ ಎರಡು ಕಡೆ ಮುರಿಯಿತು. ಅವಳೂ ನೇಯುವವಳು, ಕಾಲಿಲ್ಲದೆ ಮಗ್ಗ ತುಳಿಯುವುದು ಹೇಗೆ?

ಬೀದಿಯವರೆಲ್ಲ "ದೇವರಾಜನ ಶೋಕಿ" ಎಂದರು. ದೇವರಾಜನೂ ಶೆಡ್ಡಿಗೆ ಬಂದು, "ನಾನೇ ಸರಿಯಾಗಿ ತಿರುಗಿಸ್ನಿಲ್ಲ ಕಣಣ್ಣ" ಎಂದು ಅತ್ತ. ಕೆಂಪನಂಜಪ್ಪ ಟೀ ತರಿಸಿಕೊಟ್ಟ, ಅಳತೆ ತಪ್ಪಿದ್ದನ್ನು ಹೇಳಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದ. ದೇವರಾಜ್ ಹೊರಗೆ ಹೋಗಿದ್ದ. ಅಂಜನಾ ಕಾಲು ಚಾಚಿ ಕೂತು ಕಂಡಿಕೆ ಕೊಳವೆಗೆ ರೇಷ್ಮೆ ಸುತ್ತುತ್ತಿದ್ದಳು.

"ತಪ್ಪು ಅವನ್ದಲ್ಲ ಕಣವ್ವ" ಎಂದ. "ತಿರುವಲ್ಲಿ ಗಾಡಿ ವಾಲ್ತದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ."

ಅವಳ ಕೈ ನಿಂತಿತು. "ಎರಡು ತಿಂಗಳಿಂದ ನಾನ್ ಅವರ್ನ ಮಾತಾಡ್ಸಿಲ್ಲ, ಅಣ್ಣ. ಅಡುಗೆ ಮಾಡಿ ಇಕ್ತಾರೆ, ನನ್ನ ಎತ್ತಿ ಕೂರುಸ್ತಾರೆ. ಒಂದ್ಸಲಾನೂ ಎದುರಾಡ್ನಿಲ್ಲ."

ಕೆಂಪನಂಜಪ್ಪನಿಗೆ ಇದು ಗೊತ್ತಿರಲಿಲ್ಲ.

"ಅವರು ಬರೋಗಂಟ ಕೂತಿರಿ. ನಂಗೆ ಹೇಳಿದ್ನ ಅವರ ಮುಂದೂ ಹೇಳಿ."

ಕೂತ. ಅವಳ ಗಂಡ ಬಂದ ಮೇಲೆ ಹೇಳಿದ. ದೇವರಾಜ್ ಬಯ್ಯಲಿಲ್ಲ, ಹೆಂಡತಿಯ ಮುಖ ನೋಡಿದ.

"ಬನ್ನಿ, ಇಲ್ ಕೂತ್ಕಳಿ" ಎಂದಳು ಅವಳು, ಗಂಡನಿಗೆ. ಕೆಂಪನಂಜಪ್ಪ ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಬುಲೆಟ್ಟನ್ನು ದೇವರಾಜ್ ಟೆಂಪೊದಲ್ಲಿ ಯಳಂದೂರಿಗೆ ಸಾಗಿಸಿ, ಬೇರೆಯವರ ಕೈಲಿ ಸರಿಮಾಡಿಸಿದ. ಅಂಜನಾ ಆರು ತಿಂಗಳಿಗೆ ಮಗ್ಗಕ್ಕೆ ಇಳಿದಳು, ಈಗಲೂ ಕುಂಟುತ್ತಾಳೆ. ಪೇಟೆಯಲ್ಲಿ ಸಿಕ್ಕರೆ ಇಬ್ಬರೂ ನಿಂತು ಮಾತಾಡಿಸುತ್ತಾರೆ. ಕೆಂಪನಂಜಪ್ಪನೇ ಏನೋ ಕೆಲಸವಿದೆಯೆಂದು ಬೇಗ ಹೊರಟುಬಿಡುತ್ತಾನೆ.