ಮೊದಲ ಕೊಂಬೆ ಹಿರಿಯರಿಗೆ

ದೇವಕಿಯಕ್ಕನ ಬಳಿ ಯಾವ ಪ್ರಶ್ನೆಗೂ ಮೂರೇ ಉತ್ತರ: ಆಯ್ತು, ಆಗ್ಲಿಲ್ಲ, ಆಗ್ತಾ ಉಂಟು. ಕಾಫಿ ಆಯ್ತಾ ಅಂದರೂ ಹಾಗೆ, ಅವಳಿಗೆ ಬಂದ ಸಂಬಂಧ ಏನಾಯ್ತು ಅಂದರೂ ಹಾಗೆ. ಆ ಸಂಬಂಧವಂತೂ ವರ್ಷಗಟ್ಟಲೆ ‘ಆಗ್ತಾ ಉಂಟು’ ಅನ್ನುವಲ್ಲೇ ನಿಂತಿತ್ತು.

ಅಕ್ಕ ನನ್ನ ದೊಡ್ಡಪ್ಪನ ಮಗಳು. ಪೊನ್ನಂಪೇಟೆ ಕಡೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ತೋಟದಲ್ಲಿ ಮಂಜಿನಲ್ಲೂ ಕಾಣುವ ಕ್ಯಾಮೆರಾ ಹಾಕಿ, ಆನೆ ಬಂದರೆ ಸೈರನ್ ಕೂಗಿಸುವ ಪ್ರೋಗ್ರಾಂ ಬರೆದಳು. ಆ ವಿದ್ಯೆಯ ಹೆಸರು ಬಿಹೇವಿಯರ್ ಟ್ರೀ. ಅರ್ಥವಾಗಲಿಲ್ಲ ಅಂದದ್ದಕ್ಕೆ ಬೈದೇ ಕಲಿಸಿದಳು.

“ತಲೆಕೆಳಗಾದ ಮರ ಅಂತ ತಿಳ್ಕೊ ಮಾರಾಯ. ಯಂತ್ರ ಎಡಗಡೆ ಕೊಂಬೆಯಿಂದ ಕೇಳ್ತಾ ಬರ್ತದೆ. ಆಗ್ಲಿಲ್ಲ ಅಂದ್ರೆ ಪಕ್ಕದ ಕೊಂಬೆಗೆ ಹೋಗ್ತದೆ. ಆಗ್ತಾ ಉಂಟು ಅಂದ್ರೆ ಮುಗಿಯುವವರೆಗೆ ಅಲ್ಲೇ ಕಾಯ್ತದೆ. ನಿನ್ನ ಹಾಗೆ ಎಲ್ಲದಕ್ಕೂ ಒಟ್ಟಿಗೆ ಕೈ ಹಾಕುದಿಲ್ಲ.”

ಅವಳ ಮರದ ಎರಡನೆಯ ಕೊಂಬೆ ಆನೆಗೆ, ಮೂರನೆಯದು ಕಾಡುಹಂದಿಗೆ. ಮೊದಲನೆಯದು ಖಾಲಿ, ಅದರ ಹೆಸರು ‘ಹಿರಿಯರು’. ‘ಆಗ್ಲಿಲ್ಲ’ ಅಂದು ಮುಂದೆ ಕಳಿಸುವುದಷ್ಟೇ ಅದರ ಕೆಲಸ. ಅದೆಂತಕ್ಕೆ ಅಂತ ಕೇಳಿದೆ.

“ಹಿರಿಯರಿಗೆ ಇಡದೆ ನಾವು ಯಾವತ್ತು ಉಂಡಿದ್ದೇವೆ? ಖಾಲಿ ಜಾಗ, ಯಾರಿಗೆ ಎಂತ ತೊಂದ್ರೆ?”

ನಮ್ಮಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಒಳಕೋಣೆಯಲ್ಲಿ ಮಣೆ ಹಾಕಿ, ಬಡಿಸಿ, ಬಾಗಿಲು ಮುಚ್ಚುತ್ತೇವೆ. ಅವರು ಉಣ್ಣುವಷ್ಟು ಹೊತ್ತು ಹೊರಗೆ ಯಾರೂ ಪಿಟ್ಟೆನ್ನುವುದಿಲ್ಲ.

ಕಾಫಿ ಕೊಯ್ಲಿನ ಒಂದು ಬೆಳಿಗ್ಗೆ. ಮಂಜಿಗೆ ಅಂಗಳವೇ ಕಾಣುತ್ತಿರಲಿಲ್ಲ. ಅಕ್ಕ ಕೂಗಿ ಕರೆದಳು. ಪರದೆಯ ಮೇಲೆ ‘ಹಿರಿಯರು: ಆಗ್ತಾ ಉಂಟು’ ಎಂದಿತ್ತು.

“ನೀನೇನಾದ್ರೂ ಮುಟ್ಟಿದ್ಯಾ?”

“ಮುಟ್ಟಲಿಕ್ಕೆ ನಂಗೆ ಗೊತ್ತುಂಟಾ ಅಕ್ಕಾ?”

ಆರಿಸಿ ಮತ್ತೆ ಹಚ್ಚಿದಳು. ಅದೇ ಸಾಲು. ಯಂತ್ರ ಅಲ್ಲೇ ಕಾಯುತ್ತಾ ಕೂತರೆ ಆನೆಯ ಕೊಂಬೆಗೆ ಹೋಗುವುದೇ ಇಲ್ಲ. ಕೆಳಗೆ, ಫೋನೂ ಸಿಗದ ಹೊಳೆಬದಿಯಲ್ಲಿ, ಹೆಂಗಸರು ಕಾಫಿ ಕುಯ್ಯುತ್ತಿದ್ದರು.

“ಆ ಕೊಂಬೆ ಅಳಿಸಿಬಿಡಕ್ಕಾ.”

“ಉಣ್ಣುವವರನ್ನ ಎಬ್ಬಿಸುದಾ?”

ಮಂಜಿನ ಕಡೆ ನೋಡಿದಳು. ಅಳಿಸಿದಳು. ಆ ಕ್ಷಣವೇ ಸೈರನ್ ಕೂಗಿತು.

ಹೆಂಗಸರೆಲ್ಲ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದರು. ಅವರು ಬಿಟ್ಟುಬಂದ ಚೀಲಗಳನ್ನು ಒಂಟಿ ಸಲಗವೊಂದು ತುಳಿದು ಚಪ್ಪಟೆ ಮಾಡಿ ಹೋಗಿತ್ತು. ಆಮೇಲೆ ಕ್ಯಾಮೆರಾದ ಚಿತ್ರ ನೋಡಿದೆವು. ಅದು ಆಗ ಬಂದದ್ದಲ್ಲ. ಆ ಬೆಳಿಗ್ಗೆ ಹೆಂಗಸರು ಕೊಯ್ಲಿಗೆ ಇಳಿದಾಗಿನಿಂದ ಗಿಡಗಳ ಹಿಂದೆಯೇ ಇತ್ತು: ಸೊಂಡಿಲು ಇಳಿಬಿಟ್ಟು, ಕಿವಿಯನ್ನೂ ಬೀಸದೆ. ಸೈರನ್ ಕೂಗಿದ ಮೇಲೆಯೇ ಅದು ಕದಲಿದ್ದು.

“ಅಯ್ಯೋ, ಅದರ ಪಕ್ಕದಲ್ಲೇ ನಾನು ಅತ್ತೆಯನ್ನ ಬೈತಾ ಇದ್ದೆನಲ್ಲಾ!” ಅಂದಳು ಕೊಯ್ಲಿನ ಲಕ್ಷ್ಮಿ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಮಳೆಗಾಲದಲ್ಲಿ ಅಕ್ಕ ಹಾಸಿಗೆ ಹಿಡಿದಳು. ಮಡಿಕೇರಿಯ ಆಸ್ಪತ್ರೆಯಲ್ಲಿ ನಾವು ಕೊನೆಯ ಸಲ ಮಾತಾಡಿದ್ದು.

“ನಾನು ಅಳಿಸಿದಾಗ ಒಳಕೋಣೆಯಲ್ಲಿ ಮಣೆ ಸರಿದ ಸದ್ದು. ನಿಂಗೂ ಕೇಳಿತ್ತಾ?”

ಕೇಳಿತ್ತು. ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಅಷ್ಟೆ. “ಕೇಳಿತ್ತಕ್ಕಾ.”

“ಹಾಗಾದ್ರೆ ಬಂದಿದ್ರು. ಆನೆಯನ್ನ ಹಿಡಿದು ನಿಲ್ಲಿಸಿದ್ದವರನ್ನೇ ನಾನು ಎಬ್ಬಿಸಿಬಿಟ್ಟೆ. ಇನ್ನು ಅವರ ಎದುರಿಗೇ ಹೋಗಬೇಕಲ್ಲ ಮಾರಾಯ, ಎಂತ ಹೇಳ್ಲಿ?”

“ಹೆಂಗಸರು ಕೆಳಗಿದ್ರು, ಅದಕ್ಕೇ ಅಂತ ಹೇಳು.”

ಅಕ್ಕ ಆ ಮಾತನ್ನು ತುಟಿಯಲ್ಲೇ ಒಮ್ಮೆ ಹೇಳಿ ನೋಡಿಕೊಂಡಳು.