ಮಿಸ್ತ್ರಿ ಕಾಕಾ ನಿಧಾನವಾಗಿ ಓಡಿಸಿದ ಗಾಡಿ

ಮೊನ್ನೆ ಸೊಸೆ ರೇಷ್ಮೆ ಸೀರೆಯ ಸೆರಗಿಗೆ ಬಿದ್ದ ಎಣ್ಣೆ ಕಲೆ ತೆಗೆಯಲು ಅರಿವೆಯ ಚೂರನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜುತ್ತಿದ್ದಳು. ಪಡಸಾಲೆಯಲ್ಲಿ ಪೇಪರು ಓದುತ್ತ ಕುಳಿತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಎದ್ದು ಹೊರಗಿನ ಕಟ್ಟೆಗೆ ಬಂದು ಕುಳಿತೆ.

"ಯಾಕ್ರಿ ಅತ್ತಿ, ವಾಸನಿಗೆ ತಲಿ ಸುತ್ತಿತೇನ್ರಿ?" ಎಂದು ಅವಳು ಒಳಗಿನಿಂದ ಕೇಳಿದಳು.

ಹೌದು ಎಂದೆ. ಬೇರೆ ಏನು ಹೇಳುವುದು? ಎರಡನೆಯ ಮಹಾಯುದ್ಧದ ಕಾಲದ ಒಂದು ಮಧ್ಯಾಹ್ನ, ಮೂಡಲಗಿಯಿಂದ ಗೋಕಾಕದ ರಸ್ತೆ, ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಅಕ್ಕನ ತಲೆ... ಮತ್ತು ಗಾಡಿ ಓಡಿಸುತ್ತಿದ್ದ ಆ ಮನುಷ್ಯ.

ಅವರು ನಮ್ಮ ಬಾಜೂ ಮನೆಯವರು. ಊರಿಗೆಲ್ಲ ಮಿಸ್ತ್ರಿ, ನನಗೆ ಮಿಸ್ತ್ರಿ ಕಾಕಾ. ಹುಕ್ಕೇರಿಯ ಕಡೆಯಿಂದ ಬಂದವರು, ಬೆಲ್ಲದ ವ್ಯಾಪಾರ ಮಾಡುವ ಒಬ್ಬ ಸಾವುಕಾರರ ಸಣ್ಣ ಕಾರಿಗೆ ಡ್ರೈವರೂ ಆಗಿದ್ದರು, ರಿಪೇರಿಯವರೂ ಆಗಿದ್ದರು. ನಾಲ್ಕು ಜನ ಒತ್ತಿ ಕುಳಿತರೆ ಮೊಣಕಾಲು ಗದ್ದಕ್ಕೆ ತಾಗುವಷ್ಟು ಚಿಕ್ಕ ಗಾಡಿ. ಅದಕ್ಕೆ ಹೊಂದುವಂಥ ಮಾಲೀಕರಲ್ಲ ಸಾವುಕಾರರು. ರಸ್ತೆಯ ಮೇಲೆ ಇನ್ನೊಬ್ಬರ ದೊಡ್ಡ ಕಾರು ತಮ್ಮನ್ನು ದಾಟಿ ಧೂಳು ಹಾರಿಸಿ ಹೋಯಿತೆಂದರೆ ಎರಡು ದಿನ ಅವರ ಮುಖ ಸರಿ ಇರುತ್ತಿರಲಿಲ್ಲ. ಗಾಡಿ ಜೋರಾಗಿ ಓಡುವಂತೆ ಮಾಡು ಎಂದು ಮಿಸ್ತ್ರಿ ಕಾಕಾಗೆ ಹೇಳಿದರು. ಕಾಕಾಗೂ ಅಂಥದೇ ಹುಚ್ಚು. ಒಂದು ತಿಂಗಳು ಗಾಡಿಯನ್ನು ಬಿಚ್ಚಿ ಹಾಕಿಕೊಂಡು ಕುಳಿತರು. ಇಂಜಿನ್ನಿನ ತಲೆಯ ಭಾಗವನ್ನು ಸವೆಸಿದರು, ಹೊಗೆಯ ಕೊಳವೆ ಬದಲಾಯಿಸಿದರು. ಪೆಟ್ರೋಲು ಇಂಜಿನ್ನಿಗೆ ಇಳಿಯುವ ದಾರಿಯಲ್ಲಿ ಹಿತ್ತಾಳೆಯ ಸಣ್ಣ ತಿರುಪು ಇರುತ್ತದಂತೆ, ಅದರ ನಡುವೆ ಸೂಜಿ ಹೋಗುವಷ್ಟು ತೂತು. ಜೆಟ್ ಎನ್ನುತ್ತಿದ್ದರು. ಅದನ್ನು ತೆಗೆದು ದೊಡ್ಡ ತೂತಿನದು ಹಾಕಿದರು.

ಗಾಡಿ ಖರೆಯೇ ಹಾರತೊಡಗಿತು. ಅದರ ಸದ್ದಿಗೆ ನಮ್ಮ ಕನ್ಯಾಶಾಲೆಯ ಹುಡುಗಿಯರು ಪಾಠ ಬಿಟ್ಟು ಕಿಟಕಿಗೆ ಓಡುತ್ತಿದ್ದರು. ನಾನು ಅಲ್ಲಿ ಕಲಿಸುತ್ತಿದ್ದೆ. ಒಂದು ಸಂಜೆ ಬೇಲಿಯ ಆಚೆ ನಿಂತು ಕಾಕಾ ಹೆಮ್ಮೆಯಿಂದ ಹೇಳಿದ್ದರು: "ಈಗ ನಮ್ಮನ್ನ ದಾಟಾವ ಯಾರೂ ಇಲ್ಲ ತಂಗಿ. ಆದ್ರ ಉಣ್ಣೂದ ಭಾಳ ಆಗೇತಿ ಇದಕ್ಕ. ಮೊದಲ ಒಂದ ಡಬ್ಬಿ ಎಣ್ಣಿಗಿ ಗೋಕಾಕಕ್ಕ ಎರಡ ಸಲಾ ಹೋಗಿ ಬರ್ತಿತ್ತು. ಈಗ ಎರಡನೇ ಸಲಾ ಹೋಗೂದರಾಗ ದಾರ್ಯಾಗ ನಿಲ್ತೈತಿ."

ಆಗ ಇಬ್ಬರೂ ನಕ್ಕಿದ್ದೆವು. ಮುಂದೆ ಪೆಟ್ರೋಲಿಗೆ ಕೂಪನ್ನು ಬಂತು. ತಿಂಗಳಿಗೆ ಇಷ್ಟೇ ಎಂದಾಯಿತು. ಹಳೆಯ ಜೆಟ್ ಹಾಕಿಬಿಡೋಣ ಎಂದು ಕಾಕಾ ಕೇಳಿದರೆ ಸಾವುಕಾರರು ಒಪ್ಪಲಿಲ್ಲ. ಕಡಿಮೆ ಓಡಿಸಿದರಾಯಿತು, ಆದರೆ ಓಡಿದಾಗ ಜೋರಾಗಿಯೇ ಓಡಬೇಕು ಎಂದರು.

ಅಕ್ಕ ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆ ದಿನ ಬೆಳಗಿನಿಂದ ರಕ್ತ ಹೋಗತೊಡಗಿತು. ಸೂಲಗಿತ್ತಿ ಹತ್ತಾರು ಸಲ ಒಳಗೆ ಹೊರಗೆ ಓಡಾಡಿ, ಕೊನೆಗೆ ಬಾಗಿಲಲ್ಲಿ ನಿಂತು ಅವ್ವನಿಗೆ, "ಇದು ನನ್ನ ಕೈಲೆ ಆಗೂದಲ್ಲಬೇ, ಗೋಕಾಕ ದವಾಖಾನಿಗಿ ಒಯ್ರಿ" ಎಂದಳು. ಆಕೆಯ ಮೊಣಕೈವರೆಗೂ ರಕ್ತವಿತ್ತು. ಬಸ್ಸು ಹೋಗಿಯಾಗಿತ್ತು. ಚಕ್ಕಡಿ ಹೂಡಿದರೆ ಸಂಜೆಯಾಗುತ್ತಿತ್ತು. ಅಪ್ಪ ಇರಲಿಲ್ಲ, ತೀರಿ ಮೂರು ವರ್ಷವಾಗಿತ್ತು. ನಾನು ಕಾಲಿಗೆ ಚಪ್ಪಲಿ ಇಲ್ಲದೆ ಬಾಜೂ ಮನೆಗೆ ಓಡಿದೆ.

ಸಾವುಕಾರರು ಊರಲ್ಲಿರಲಿಲ್ಲ. ಕಾಕಾ ಯಾರನ್ನೂ ಕೇಳಲಿಲ್ಲ. ಪೆಟ್ರೋಲಿನ ಟಾಕಿಯಲ್ಲಿ ಬಿದಿರ ಕಡ್ಡಿ ಅದ್ದಿ ಹೊರಗೆ ತೆಗೆದು ನೋಡಿದರು. ಕಡ್ಡಿಯ ತುದಿಯಷ್ಟೇ ಒದ್ದೆಯಾಗಿತ್ತು. ಅವರ ಮುಖ ಕಪ್ಪಿಟ್ಟಿತು. ಆದರೆ "ಕರಕೊಂಡ ಬರ್ರಿ ಜಲ್ದಿ" ಎಂದಷ್ಟೇ ಅಂದರು.

ಅವ್ವ ಮುಂದೆ ಕುಳಿತಳು. ಹಿಂದೆ ನಾನು, ನನ್ನ ತೊಡೆಯ ಮೇಲೆ ತಲೆಯಿಟ್ಟು ಅಕ್ಕ. ಊರು ದಾಟಿದ್ದೇ ಗಾಡಿ ಹಾರಿತು. ಗಿಡಗಳು, ಜೋಳದ ಹೊಲಗಳು, ಕುರಿಯ ಹಿಂಡು ಎಲ್ಲ ಹಿಂದೆ ಸರಿದವು. ಪ್ರತಿ ಕುಳಿಗೂ ಅಕ್ಕ ನರಳುತ್ತಿದ್ದಳು. ಆ ವೇಗ ನನಗೆ ಧೈರ್ಯ ಕೊಟ್ಟಿತ್ತು. ಇನ್ನೇನು ಬಂತು, ಇನ್ನೇನು ಬಂತು ಎಂದು ಅವಳ ಕಿವಿಯಲ್ಲಿ ಹೇಳುತ್ತಿದ್ದೆ.

ಕಲ್ಲೊಳ್ಳಿ ದಾಟಿದ ಮೇಲೆ ಕಾಕಾ ಗಾಡಿ ನಿಲ್ಲಿಸಿದರು. ಇಳಿದು ಮತ್ತೆ ಕಡ್ಡಿ ಅದ್ದಿದರು. ಬಿಸಿಲಿಗೆ ಹಿಡಿದು ನೋಡಿ ಕಡ್ಡಿಯನ್ನು ಕೆಳಗಿಟ್ಟರು. ಸೀಟಿನ ಕೆಳಗಿನ ಡಬ್ಬಿಯಿಂದ ಅರಿವೆಯ ಗಂಟೊಂದನ್ನು ತೆಗೆದು ಇಂಜಿನ್ನಿನ ಮುಚ್ಚಳ ಎತ್ತಿದರು.

"ಏನ ಮಾಡಾಕತ್ತೀರಿ ಕಾಕಾ? ನಡೀರಿ" ಎಂದೆ.

"ಹಳೇ ಜೆಟ್ ಹಾಕತೇನಿ."

"ಈಗೇನ? ಇಲ್ಲಿ?"

"ಇದ ಜೋರಲೆ ಹೋದ್ರ ಗೋಕಾಕ ಮುಟ್ಟೂದಿಲ್ಲ ತಂಗಿ. ನಡುವ ನಿಂತ ಬಿಡತೈತಿ."

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕಾಲು ತಾಸೂ ಆಗಿರಲಿಕ್ಕಿಲ್ಲ. ಕಾದ ಕಬ್ಬಿಣಕ್ಕೆ ಬೆರಳು ತಾಗಿ ಅವರು ಹಲ್ಲು ಕಚ್ಚಿದ್ದು ಕೇಳಿಸಿತು. ಪೆಟ್ರೋಲಿನ ವಾಸನೆ ಗಾಡಿಯೊಳಗೆ ತುಂಬಿತು. ನನ್ನ ಸೀರೆ ತೊಡೆಯಿಂದ ಕೆಳಗೆ ಬೆಚ್ಚಗೆ ಒದ್ದೆಯಾಗುತ್ತಿತ್ತು. ಅವ್ವ ಮುಂದೆ ಕುಳಿತು ಶಿವ ಶಿವ ಎನ್ನುತ್ತಿದ್ದಳು, ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಈ ಮನುಷ್ಯ ನಮ್ಮಕ್ಕನನ್ನು ಕೊಲ್ಲುತ್ತಿದ್ದಾನೆ ಎಂದು ನನಗೆ ಅನಿಸಿತು. ಆ ಮಾತು ಒಮ್ಮೆ ಮನಸ್ಸಿಗೆ ಬಂದದ್ದು ಮತ್ತೆ ಹೋಗಲಿಲ್ಲ.

ಗಾಡಿ ಮತ್ತೆ ಹೊರಟಿತು. ಆದರೆ ಅದು ಹಾರುವ ಗಾಡಿಯಾಗಿರಲಿಲ್ಲ. ಕೆಮ್ಮುತ್ತ, ತಡವರಿಸುತ್ತ, ಸೈಕಲ್ಲಿನ ಹಾಗೆ ನಡೆಯಿತು. ಖರೆಯೇ ಒಬ್ಬ ಸೈಕಲ್ಲಿನವನು ಸ್ವಲ್ಪ ದೂರ ನಮ್ಮ ಸಮ ಬಂದ. ಒಳಗೆ ಇಣುಕಿ ನೋಡಿ, ಅಕ್ಕನ ಮುಖ ಕಂಡು ಗಕ್ಕನೆ ಹಿಂದುಳಿದ. ಅವನು ಏನು ಕಂಡನೆಂದು ನಾನು ನೋಡಹೋಗಲಿಲ್ಲ.

"ಕಾಕಾ, ಜೋರ ಹೊಡೀರಿ, ನಿಮ್ಮ ಕಾಲ ಬೀಳತೇನಿ" ಎಂದು ಅವ್ವ ಅತ್ತಳು. ತನಗಿಂತ ಚಿಕ್ಕವರಾದ ಅವರನ್ನು ಅವ್ವ ಕಾಕಾ ಎಂದು ಕರೆದದ್ದು ಆವತ್ತೊಂದೇ ದಿನ.

ಅವರು ಸ್ಟೇರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ವೇಗದ ಪೆಡಲನ್ನು ಮಾತ್ರ ಇನ್ನಷ್ಟು ಒತ್ತಲಿಲ್ಲ.

ಇಳಿಜಾರು ಬಂದಲ್ಲೆಲ್ಲ ಇಂಜಿನ್ನು ಬಂದ್ ಮಾಡಿ ಗಾಡಿಯನ್ನು ಹಾಗೇ ಬಿಡುತ್ತಿದ್ದರು. ಅದು ನನಗೆ ಎಲ್ಲಕ್ಕಿಂತ ಭಯದ ಹೊತ್ತು. ಸದ್ದು ನಿಂತೊಡನೆ ಅಕ್ಕನ ಉಸಿರು ಕೇಳುತ್ತಿತ್ತು, ಎಷ್ಟು ಸಣ್ಣಗಾಗಿದೆ ಎಂಬುದು ಗೊತ್ತಾಗುತ್ತಿತ್ತು. ಒಂದು ಇಳಿಜಾರಿನಲ್ಲಿ ಏನೂ ಕೇಳಿಸಲಿಲ್ಲ. ಗಾಲಿಗಳ ಕೆಳಗೆ ಕಲ್ಲು ಉರುಳುವ ಸದ್ದು ಮಾತ್ರ. ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಗಾಳಿ ಬೀಸುತ್ತಿತ್ತು, ಬೆರಳಿಗೆ ತಾಗಿದ್ದು ಗಾಳಿಯೋ ಉಸಿರೋ ತಿಳಿಯಲಿಲ್ಲ. ಕಾಕಾ ತಿರುಗದೆಯೇ ಕೇಳಿದರು, "ಉಸಿರ ಐತೇನ ತಂಗಿ?" ನಾನು ಬೆರಳನ್ನು ಅಲ್ಲೇ ಹಿಡಿದುಕೊಂಡಿದ್ದೆ. ಅವರು ಇಂಜಿನ್ನು ಚಾಲೂ ಮಾಡಿದರು.

ಹೊಳೆ ದಾಟಿ ಗೋಕಾಕದ ಪೇಟೆಯೊಳಗೆ ಬಂದ ಮೇಲೆ ಗಾಡಿ ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಟಾಕಿ ಒಣಗಿತ್ತು. ಕಾಕಾ ಇಳಿದು ಅಂಗಡಿಗಳವರನ್ನು ಕೂಗಿ ಕರೆದರು. ಐದಾರು ಜನ ಸೇರಿ ನೂಕುತ್ತ ದವಾಖಾನೆಯ ಬಾಗಿಲಿಗೆ ಮುಟ್ಟಿಸಿದರು. ದೊಡ್ಡ ಜೆಟ್ಟಿನಲ್ಲೇ ಬಂದಿದ್ದರೆ ಅದು ಎಲ್ಲಿ ನಿಲ್ಲುತ್ತಿತ್ತು, ಯಾವ ಹೊಲದ ನಡುವೆ... ಆಗ ನಾನು ಅದನ್ನು ಯೋಚಿಸಲಿಲ್ಲ.

ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ. ಗಂಡು ಕೂಸು.

ಮರುದಿನ ಡಾಕ್ಟರಬಾಯಿ ನನ್ನನ್ನು ಪಡಸಾಲೆಗೆ ಕರೆದು ಹೇಳಿದರು: "ಕೂಸು ನಿನ್ನೆ ಹೋದದ್ದಲ್ಲ, ಹೊಟ್ಟ್ಯಾಗ ತೀರಿ ಎರಡ ದಿನಾ ಆಗಿತ್ತು. ನೀವು ಹೆಂಗ ಬಂದಿದ್ರೂ ಅಷ್ಟ. ಆದ್ರ ಇನ್ನ ಒಂದ ತಾಸ ತಡಾ ಆಗಿದ್ರ ನಿಮ್ಮಕ್ಕನೂ ಇರತಿರಲಿಲ್ಲ." ನಾನು ತಲೆಯಾಡಿಸಿದೆ. ಎಲ್ಲವೂ ತಿಳಿಯಿತು.

ಮಿಸ್ತ್ರಿ ಕಾಕಾ ಮೂರನೆಯ ದಿನ ದವಾಖಾನೆಗೆ ಬಂದರು. ಒಳಗೆ ಬರಲಿಲ್ಲ, ಬೇವಿನ ಗಿಡದ ಕೆಳಗೆ ನಿಂತರು. ಬಲಗೈ ಬೆರಳುಗಳಿಗೆ ಅರಿವೆ ಸುತ್ತಿಕೊಂಡಿದ್ದರು. ನಾನು ಹೊರಗೆ ಹೋದೆ.

"ಡಾಕ್ಟರಬಾಯಿ ಏನಂದ್ರು ತಂಗಿ? ನಾ ಜಲ್ದಿ ಬಂದಿದ್ರ ಕೂಸು ಉಳೀತಿತ್ತೇನ?"

ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ದಾರಿಯುದ್ದಕ್ಕೂ ನಾನು ಪಟ್ಟ ಹೆದರಿಕೆಗೆ ಯಾರಾದರೂ ಒಬ್ಬರು ಹೊಣೆಯಾಗಬೇಕಿತ್ತು. ಗಾಡಿಯನ್ನು ಆ ಸ್ಥಿತಿಗೆ ತಂದವರು ಇವರೇ, ಹೆಮ್ಮೆಯಿಂದ ಹೇಳಿಕೊಂಡವರು ಇವರೇ ಎಂದು ಸಿಟ್ಟು ಬಂತು.

"ಗೊತ್ತಿಲ್ಲ" ಎಂದೆ.

ಅವರು ಬೆರಳಿಗೆ ಸುತ್ತಿದ ಅರಿವೆಯನ್ನು ಬಿಗಿಮಾಡಿಕೊಂಡು ಹೊರಟುಹೋದರು.

ನಾವು ಅಕ್ಕನನ್ನು ಕರೆದುಕೊಂಡು ಊರಿಗೆ ಬರುವಷ್ಟರಲ್ಲಿ ಬಾಜೂ ಮನೆಗೆ ಕೀಲಿ ಬಿದ್ದಿತ್ತು. ಗಾಡಿಗೆ ತಾವು ಮಾಡಿದ್ದನ್ನೆಲ್ಲ ತೆಗೆದು ಮೊದಲಿನಂತೆ ಜೋಡಿಸಿ, ಸಾವುಕಾರರಿಗೆ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ಹುಕ್ಕೇರಿಗೆ ಹೋದರೆಂದು ಓಣಿಯವರು ಹೇಳಿದರು.

ಹುಕ್ಕೇರಿ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆಗೆ ಬರಬಹುದು. ಮುಂದಿನ ರಜೆಯಲ್ಲಿ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೆ. ಆ ರಜೆ ಹೋಯಿತು, ಮತ್ತೊಂದು ಹೋಯಿತು. ತಡವಾದಷ್ಟೂ ಹೇಳುವುದು ಕಠಿಣವಾಯಿತು. ಆಗಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರೆ? ಅದೊಂದು ಪ್ರಶ್ನೆಗೆ ಹೆದರಿ ನಾನು ಆ ಊರಿಗೆ ಕಾಲಿಡಲಿಲ್ಲ. ನನ್ನ ಮದುವೆಯಾಯಿತು, ಮಕ್ಕಳಾದವು. ಅಕ್ಕನಿಗೂ ಮುಂದೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಅವರ ತೊಟ್ಟಿಲು ತೂಗುವಾಗಲೆಲ್ಲ ನನಗೆ ಬೇವಿನ ಗಿಡದ ಕೆಳಗಿನ ಆ ಮುಖ...

ಹೋದ ವರ್ಷ ಸಂಬಂಧಿಕರ ಮದುವೆಗೆಂದು ಹುಕ್ಕೇರಿಗೆ ಹೋಗಲೇಬೇಕಾಯಿತು. ಊಟವಾದ ಮೇಲೆ ಕೇಳುತ್ತ ಕೇಳುತ್ತ ಅವರ ಮನೆ ಹುಡುಕಿದೆ. ಅವರು ತೀರಿ ಆರು ತಿಂಗಳಾಗಿತ್ತು. ಹೆಂಡತಿ ನನ್ನ ಗುರುತು ಹಿಡಿದರು, ಚಾಪೆ ಹಾಸಿದರು. ಹುಕ್ಕೇರಿಗೆ ಬಂದ ಮೇಲೆ ಅವರು ಮೋಟಾರು ಮುಟ್ಟಲೇ ಇಲ್ಲವಂತೆ, ಕೊನೆಯವರೆಗೂ ಸೈಕಲ್ ರಿಪೇರಿ ಮಾಡಿಕೊಂಡೇ ಇದ್ದರಂತೆ.

ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರಬಾಯಿ ಅಂದದ್ದು, ನಾನು ಮುಚ್ಚಿಟ್ಟದ್ದು.

ಆಕೆ ಎದ್ದು ಒಳಗಿನಿಂದ ತಂಬಿಗೆ ನೀರು ತಂದು ನನ್ನ ಮುಂದಿಟ್ಟು ಕುಳಿತರು.

"ನಮಗ ನಾಕ ಮಂದಿ ಮೊಮ್ಮಕ್ಕಳ್ರಿ" ಎಂದರು ಆಮೇಲೆ. "ಒಂದನ್ನೂ ಅವರು ಎತ್ತಿ ಆಡಸಲಿಲ್ರಿ. ಕೂಸು ಅತ್ರ ಎದ್ದ ಹೊರಗ ಹೋಗತಿದ್ರು. ಗಂಡಸರು, ಹಂಗ ಇರತಾರ ಅಂತ ನಾ ತಿಳಕೊಂಡಿದ್ನಿ."

ಸಿಟ್ಟಿನ ಒಂದು ಮಾತನ್ನೂ ಅವರು ಆಡಲಿಲ್ಲ. ಚಹಾ ಮಾಡಿ ತಂದುಕೊಟ್ಟರು, ಬಸ್ಸಿಗೆ ಹೊತ್ತಾದೀತು ಎಂದು ತಾವೇ ನೆನಪಿಸಿದರು. ಆಗಲೇ ಯಾಕೆ ಹೇಳಲಿಲ್ಲ ಎಂಬ, ನಾನು ಹೆದರುತ್ತಿದ್ದ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕಾದವರು ಇಲ್ಲ.