ಏರಿನ ತುದಿಯಲ್ಲಿ ಕೀ ತಿರುಗಿಸಿದ್ದು ಯಾರು?

ಬ್ರೇಕ್ ಒತ್ತಿದೆ. ಬಂಡೆಯ ಮೇಲೆ ಕಾಲಿಟ್ಟ ಹಾಗಾಯಿತು.

ಕಳಸದ ದಾರಿ. ಏರು ಮುಗಿದು ಇಳಿಜಾರು ಶುರುವಾಗಿತ್ತು. ಕಾರು ಅರುವತ್ತರ ವೇಗದಲ್ಲಿತ್ತು. ಎಂಜಿನ್ ಸದ್ದಿಲ್ಲ, ಟಯರಿನ ಸದ್ದು ಮಾತ್ರ. ಪಕ್ಕದಲ್ಲಿ ನನ್ನ ಹೆಂಡತಿ ಗಿರಿಜ. ಎದುರಿನ ತಿರುವಿನಲ್ಲಿ ಎಸ್ಟೇಟಿನ ಹೆಣ್ಣಾಳುಗಳನ್ನು ತುಂಬಿಕೊಂಡು ಹತ್ತಿ ಬರುತ್ತಿದ್ದ ಜೀಪು.

(ಜೀಪು ನೀಲಿ ಎಂದು ನಾನು. ಬಿಳಿ ಎಂದು ಗಿರಿಜ. ಈ ಘಟನೆಯನ್ನು ಈಗಾಗಲೇ ಮೂರು ಜನರಿಗೆ ಮೂರು ಥರ ಹೇಳಿದ್ದೇನೆ. ನೀವು ನಾಲ್ಕನೆಯವರು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.)

ನಮ್ಮದರಂಥ ಕಾರನ್ನು ನೀವೂ ನೋಡಿರುತ್ತೀರಿ. ಎಂಟುನೂರು ಸಿಸಿ, ಮುದಿ ಎಂಜಿನ್. ಗಿರಿಜ ಕಳಸದ ಹತ್ತಿರದ ಶಾಲೆಯಲ್ಲಿ ಟೀಚರ್. ಮೂಡಿಗೆರೆಯಿಂದ ದಿನಾ ಅದರಲ್ಲೇ ಹೋಗಿ ಬರುತ್ತಾಳೆ. ಏರು ಬಂತೆಂದರೆ ಸೆಕೆಂಡ್ ಗೇರಿಗೆ ಇಳಿಸಿ ಏದುಸಿರು ಬಿಡುತ್ತಾ ಹತ್ತಬೇಕು. ಹಿಂದೆ ಲಾರಿಯ ಹಾರ್ನು.

ಹೊಸ ಕಾರು ಕೊಳ್ಳುವ ತಾಕತ್ತಿಲ್ಲ. ಸುಮ್ಮನಿರುವ ಸ್ವಭಾವವೂ ನನ್ನದಲ್ಲ. ಹಳೇ ಎಂಜಿನ್ನಿಗೆ ಟರ್ಬೊ ಹಾಕಿದರೆ ಹೇಗೆ? ಹೊಗೆಯ ರಭಸದಲ್ಲೇ ತಿರುಗುವ ಒಂದು ಪುಟ್ಟ ಗಾಳಿಚಕ್ರ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕುತ್ತದೆ. ಗಾಳಿ ಹೆಚ್ಚಿದರೆ ಬಲ ಹೆಚ್ಚು. ಅಷ್ಟೇ ತಾನೇ?

ಗುಜರಿಗೆ ಹೋದ ಡೀಸೆಲ್ ಕಾರಿನ ಟರ್ಬೊ ಸಿಕ್ಕಿತು. ನಮ್ಮ ಮೆಕ್ಯಾನಿಕ್ ನಾಗೇಶ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಸಾರ್, ಇದು ಮುದುಕನಿಗೆ ಕುಸ್ತಿ ಕಲಿಸಿದ ಹಾಗೆ" ಎಂದ. ಆದರೆ ಅವನ ಕಣ್ಣೂ ಹೊಳೆಯುತ್ತಿತ್ತು. ವಾರವಿಡೀ ಕೂತು ಪೈಪುಗಳನ್ನು ವೆಲ್ಡ್ ಮಾಡಿ ಕೂರಿಸಿದ.

ಕೀ ಕೈಗಿಡುವಾಗ ಒಂದೇ ಮಾತು ಹೇಳಿದ. "ಏರು ಹತ್ತಿದ ಕೂಡ್ಲೆ ಎಂಜಿನ್ ಆಫ್ ಮಾಡ್ಬೇಡಿ. ಟರ್ಬೊ ಒಳಗೆ ಕೆಂಡ ಆಗಿರ್ತದೆ. ಆಯಿಲ್ ನಿಂತ್ರೆ ಅಲ್ಲೇ ಸುಟ್ಟು ಕಚ್ಚಿಕೊಳ್ತದೆ. ಎರಡು ನಿಮಿಷ ಸುಮ್ನೆ ಓಡ್ಲಿ."

"ಗೊತ್ತು ಮಾರಾಯ" ಎಂದೆ.

ಗಿರಿಜಳ ಕೈಗೆ ಕೊಡುವ ಮೊದಲು ಒಂದು ವಾರ ನಾನೇ ಓಡಿಸಿ ನೋಡುವುದೆಂದು ತೀರ್ಮಾನ. ಆರು ದಿನ ಅದೇ ಏರನ್ನು ಒಬ್ಬನೇ ಹತ್ತಿದೆ. ಕಾರು ಸಿಳ್ಳೆ ಹೊಡೆಯುತ್ತಾ ಏರಿತು. ಲಾರಿಗಳು ಹಿಂದೆ ಬಿದ್ದವು. ಏಳನೆಯ ದಿನ ಗಿರಿಜಳನ್ನು ಕೂರಿಸಿಕೊಂಡೆ. ಜಂಬ, ಇನ್ನೇನು?

ಈಗ ಆ ತಿರುವಿಗೆ ಬರೋಣ.

"ರೀ, ಗೇರು! ಗೇರ್ ಹಾಕ್ರಿ!"

ಗಿರಿಜ ಕಿರುಚಿದ್ದು ನೆನಪಿದೆ. ನಾನು ಗೇರು ಹಾಕಿದ್ದು ನೆನಪಿಲ್ಲ. ಮೂರನೆಯದಕ್ಕೋ ಎರಡನೆಯದಕ್ಕೋ ಬಿದ್ದಿರಬೇಕು. ಕಾರು ಮುಗ್ಗರಿಸಿತು. ಹಿಂದಿನ ಸೀಟಿನ ಟಿಫಿನ್ ಡಬ್ಬಿ ಹಾರಿ ಮುಂದೆ ಬಂತು. ಸತ್ತ ಎಂಜಿನ್ನೇ ಚಕ್ರಗಳನ್ನು ಹಿಡಿದೆಳೆಯಿತು, ಬ್ರೇಕಿಗೂ ಸ್ವಲ್ಪ ಜೀವ ಬಂತು. ಜೀಪಿಗೂ ನಮಗೂ ಒಂದು ಮೊಳ ಉಳಿದಿತ್ತು.

ಜೀಪಿನ ಡ್ರೈವರ್ ತಲೆ ಹೊರಗೆ ಹಾಕಿದ. "ಎಂತ ಮಾರಾಯ್ರೆ, ವಿಮಾನ ಇಳಿಸ್ತಿದೀರಾ?"

ಹಿಂದೆ ಕೂತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಒಬ್ಬಾಕೆ ಮಾತ್ರ ನಗಲಿಲ್ಲ. ಜೀಪಿನ ಕಂಬಿ ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ಜೀಪಿನ ಬಣ್ಣ ತಪ್ಪಿರಬಹುದು, ಆ ಬೆರಳುಗಳು ತಪ್ಪಿಲ್ಲ.

ಕಾರನ್ನು ನಾಗೇಶನ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅವನು ಪೈಪು ಬಿಚ್ಚಿ ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿದ. ಕದಲಲಿಲ್ಲ.

"ಏರು ಮುಗೀತಿದ್ದ ಹಾಗೆ ಆಫ್ ಮಾಡಿದ್ರಾ ಸಾರ್?"

"ಇಲ್ಲಪ್ಪ. ತಾನಾಗೇ ನಿಂತುಹೋಯ್ತು."

ಸುಳ್ಳಲ್ಲ. ನನಗೆ ನೆನಪಿದ್ದದ್ದು ಹಾಗೆಯೇ. ನಾಗೇಶನ ಮುಖ ಇಳಿಯಿತು. "ಹಾಗಾದ್ರೆ ನನ್ನ ಕೆಲಸದಲ್ಲೇ ಏನೋ ಹೆಚ್ಚುಕಮ್ಮಿ ಆಗಿದೆ. ಅಕ್ಕನ ಜೀವಕ್ಕೆ ಏನಾದ್ರೂ ಆಗಿದ್ರೆ ನಾನೆಂತ ಮಾಡೋದಿತ್ತು?"

"ನಿನ್ನ ಕೆಲಸ ಸರಿಯಾಗೇ ಇದೆ ನಾಗೇಶ" ಎಂದಳು ಗಿರಿಜ. "ಇವರೇ ಕೀ ತಿರುಗಿಸಿದ್ದು. ನಾನು ನೋಡ್ದೆ."

ನಮ್ಮ ಘಟ್ಟದ ಡ್ರೈವರುಗಳಿಗೆಲ್ಲ ಇದೊಂದು ಚಾಳಿ. ಏರು ಮುಗಿದ ಜಾಗದಲ್ಲಿ ಎಂಜಿನ್ ಆಫ್, ಗೇರು ನ್ಯೂಟ್ರಲ್. ಇಳಿಜಾರು ಮುಗಿಯುವ ತನಕ ಪೆಟ್ರೋಲ್ ಉಳಿತಾಯ. ನಾನೂ ಮೂವತ್ತು ವರ್ಷ ಹೀಗೇ ಇಳಿದವನು. ಆಫ್ ಆದ ಮೇಲೆ ಬ್ರೇಕು ಎರಡು ಸಲ ಹಿಡಿಯುತ್ತದೆ, ಮೂರನೆಯ ಸಲ ಕಲ್ಲಾಗುತ್ತದೆ. ಅದೂ ಗೊತ್ತಿತ್ತು. ಆದರೆ ಆಗ ತುದಿ ತಲುಪುವ ಹೊತ್ತಿಗೆ ಮುದಿ ಎಂಜಿನ್ ನಡೆಯುವವರ ವೇಗದಲ್ಲಿರುತ್ತಿತ್ತು. ಈಗ? ಅರುವತ್ತು.

ಕಾರಿಗೆ ಬಲ ಕೊಡಿಸಿದೆ. ಕೈಗೆ ಸುದ್ದಿ ತಲುಪಿಸಲಿಲ್ಲ.

"ಒಂದೇ ಸಲ ಮರೆತು ಮಾಡಿದ್ದಪ್ಪ" ಎಂದೆ.

ನಾಗೇಶ ಚಕ್ರದ ಹಿಂದೆ ಗಟ್ಟಿಯಾಗಿದ್ದ ಕಪ್ಪು ಕಿಟ್ಟವನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೋರಿಸಿದ. "ಒಂದು ಸಲಕ್ಕೆ ಹೀಗೆ ಕಟ್ಟೋದಿಲ್ಲ ಸಾರ್. ಇದು ದಿನಾ ಆಗಿದೆ."

ದಿನಾ? ಆ ಆರು ದಿನಗಳೂ? ಗೇರು, ಸಿಳ್ಳೆ, ಹಿಂದೆ ಬಿದ್ದ ಲಾರಿಗಳು, ಎಲ್ಲ ನೆನಪಿದೆ. ಕೀ ತಿರುಗಿಸಿದ ಒಂದು ಸಲವೂ ನೆನಪಿಲ್ಲ. ಅಂದರೆ ಆರು ದಿನ ಸತ್ತ ಎಂಜಿನ್ನಿನಲ್ಲಿ, ಅರುವತ್ತರಲ್ಲಿ, ಅದೇ ತಿರುವು ಇಳಿದಿದ್ದೇನೆ. ಎದುರಿಗೆ ಯಾರೂ ಬರಲಿಲ್ಲ, ಅಷ್ಟೇ.

ಟರ್ಬೊ ಬಿಚ್ಚಿಸಿ ಗುಜರಿಗೇ ವಾಪಸು ಕಳಿಸಿದೆ. ಕಾರು ಮತ್ತೆ ಏದುಸಿರು ಬಿಡುತ್ತಿದೆ. ಮೊನ್ನೆ ಗಿರಿಜ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಏರಿನ ತುದಿ ಬಂತು. ನನ್ನ ಬಲಗೈ ತೊಡೆಯ ಮೇಲಿಂದ ಎದ್ದು ಗಾಳಿಯಲ್ಲಿ ಏನನ್ನೋ ತಿರುಗಿಸಿತು. ಗಿರಿಜ ನೋಡಿ ನಕ್ಕಳು.

ನಾನು ಅವಳ ಕೈಯನ್ನು ನೋಡುತ್ತಿದ್ದೆ. ಅದು ಸ್ಟಿಯರಿಂಗ್ ಬಿಟ್ಟು ಕೀಯ ಹತ್ತಿರ ಬಂದು ನಿಂತಿತ್ತು.

ಅವಳಿಗೆ ಡ್ರೈವಿಂಗ್ ಕಲಿಸಿದವನು ನಾನೇ.